ಮನೆಯವರ ಹಾಳೆ

ಐದಕ್ಕೆ ಎದ್ದು ಅವಳು ಹಿತ್ತಲ ಬಾಗಿಲು ತೆಗೆಯಬೇಕು. ನಾಯಿ ಮಸಿಯನ್ನು ಹೊರಗೆ ಬಿಟ್ಟು, ಅದು ಮಾಡಿದ್ದನ್ನು ಚೀಲದಲ್ಲಿ ಎತ್ತಿ ಕಟ್ಟಬೇಕು. ನಾಲ್ಕೂ ಪಾದ ಒರೆಸಿ, ಬೆರಳ ಸಂದಿಯಲ್ಲಿ ಕಲ್ಲು ಸಿಕ್ಕಿದೆಯೇ ನೋಡಬೇಕು. ಬೆನ್ನು, ಹೊಟ್ಟೆ, ಬಾಲ ಬಾಚಿ, ಉದುರಿದ ಕೂದಲು ಹಾರದಂತೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಕಿವಿಗೆ ಔಷಧಿ ಬಿಡಬೇಕು. ಎದೆಪಟ್ಟಿಯ ಕೊಳೆ ಒರೆಸಿ, ಗಂಡ ಹಿಡಿದು ನಡೆಯುವ ಅದರ ಹಿಡಿಕೆಯ ತಿರುಪು ಬಿಗಿ ಮಾಡಬೇಕು. ಒಂದೂವರೆ ಲೋಟ ನಾಯಿ ತಿಂಡಿಯನ್ನು ಬೆಚ್ಚಗಿನ ನೀರಲ್ಲಿ ನೆನೆಹಾಕಬೇಕು. ಆಮೇಲೆ ಮನುಷ್ಯರ ಕೆಲಸ: ಹಾಲು, ಚಹಾ, ತಿಂಡಿ, ಊಟದ ಡಬ್ಬಿ, ಗಂಡನ ಅಂಗಿಗೆ ಇಸ್ತ್ರಿ. ಇಷ್ಟರಲ್ಲಿ ಅರ್ಧ ಮುಗಿದರೂ ಕಿಟಕಿಯಾಚೆ ಇನ್ನೂ ಕತ್ತಲೆಯೇ.

ಗಂಡನಿಗೂ ಒಂದು ಕೆಲಸವಿತ್ತು. ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಮೂರು ಸಲ ಸೀಟಿ ಊದುವುದು.

ಅವನಿಗೆ ಹುಟ್ಟಿನಿಂದ ಕಣ್ಣು ಕಾಣದು. ದೊಡ್ಡ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಎಂಟು ವರ್ಷದ ಹಿಂದೆ ತರಬೇತಿ ಕೇಂದ್ರದವರು ಅವನಿಗೆ ದಾರಿ ತೋರುವ ನಾಯಿ ಕೊಟ್ಟಾಗ ಒಂದು ನಿಯಮ ಹೇಳಿದ್ದರು: ನಾಯಿ ಯಾರನ್ನು ನಡೆಸುತ್ತದೋ ಅವರೇ ಅದಕ್ಕೆ ಊಟ ಹಾಕಬೇಕು, ಅವರೇ ಬಾಚಬೇಕು, ಅವರೇ ಚೊಕ್ಕಟ ಮಾಡಬೇಕು. ಊಟಕ್ಕೆ ಮೊದಲು ಮೂರು ಸೀಟಿ. ಮೊದಲ ತಿಂಗಳು ಅವನು ಎಲ್ಲವನ್ನೂ ಮಾಡಿದ. ಎರಡನೆಯ ತಿಂಗಳು ಬೆನ್ನು ನೋವು ಬಂತು. ಬೆನ್ನು ನೋವು ಹೋದ ಮೇಲೆ ಅವನ ಕೈಯಲ್ಲಿ ಉಳಿದದ್ದು ಸೀಟಿ ಮಾತ್ರ.

ಅದಕ್ಕೂ ಮೊದಲ ಹನ್ನೊಂದು ವರ್ಷ ಅವಳ ಮೊಣಕೈಯೇ ಅವನ ಕೋಲಾಗಿತ್ತು. ಬೆಳಿಗ್ಗೆ ಕಚೇರಿಗೆ ಬಿಡುವುದು, ಸಂಜೆ ಕರೆತರುವುದು. ಅದಕ್ಕಾಗಿಯೇ ಅವಳು ಪುಸ್ತಕ ಹೊಲಿಯುವ ಬೈಂಡಿಂಗ್ ಅಂಗಡಿಯ ಕೆಲಸ ಬಿಟ್ಟಿದ್ದಳು. ನಾಯಿ ಬರುತ್ತದೆ ಎಂದಾಗ ಕೈ ಖಾಲಿಯಾಯಿತು ಅಂದುಕೊಂಡಿದ್ದಳು. ಖಾಲಿಯಾದ ಕೈಗೆ ಬಾಚಣಿಗೆ ಬಂತು. ಆದರೂ ಮಸಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಎದೆಪಟ್ಟಿ ಬಿಚ್ಚಿದ ಕೂಡಲೇ ಅದು ಅಡುಗೆಮನೆಗೆ ಬಂದು ಅವಳ ಪಾದದ ಮೇಲೆ ಗಲ್ಲ ಊರಿ ನಿಟ್ಟುಸಿರು ಬಿಡುತ್ತಿತ್ತು. ಇಬ್ಬರದೂ ಪಾಳಿ ಮುಗಿದ ಹೊತ್ತು ಅದು.

ಮಸಿಗೆ ಹತ್ತು ತುಂಬಿತು. ಹಿಂಗಾಲು ನಡುಗತೊಡಗಿತು. ನಿವೃತ್ತಿಯ ಕಾಗದ ಬಂತು, ಕಚೇರಿಯಲ್ಲಿ ಬೀಳ್ಕೊಡುಗೆ ಇಟ್ಟರು. ಅವಳು ಹಿಂದಿನ ಸಾಲಿನಲ್ಲಿ ನೀರಿನ ಬಾಟಲಿ, ಒರೆಸುವ ಬಟ್ಟೆ ಹಿಡಿದು ಕೂತಿದ್ದಳು. ಗಂಡ ಮೈಕಿನಲ್ಲಿ ಹೇಳಿದ: "ಎಂಟು ವರ್ಷ ಒಂದು ದಿನವೂ ತಪ್ಪದೆ ನನ್ನ ಕೈಯಾರೆ ಊಟ ಹಾಕಿದೀನಿ, ಕೈಯಾರೆ ಬಾಚಿದೀನಿ. ನನ್ನ ಮನೆಯವಳಿಗೆ ನಾಯಿ ಕೂದಲು ಕಂಡ್ರೇ ಆಗಲ್ಲ. ಹಂಗಾಗಿ, ಇನ್ಮೇಲೆ ಇದು ನಮ್ಮ ಸಾಹೇಬರ ತೋಟದಲ್ಲಿ ಆರಾಮಾಗಿರುತ್ತೆ!"

ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು. ಪಕ್ಕದಲ್ಲಿ ಕೂತಿದ್ದ ಟೈಪಿಸ್ಟ್ ಬಾಗಿ ಕೇಳಿದಳು, "ನಿಮಗೆ ಅಲರ್ಜಿನಾ?" ಕೇಳಿಸಿಕೊಂಡವಳ ಸೀರೆಯ ಅಂಚಿನಲ್ಲಿ ಮಸಿಯ ಹತ್ತಾರು ಕಪ್ಪು ಕೂದಲು ಅಂಟಿದ್ದವು.

ಸಾಹೇಬರ ತೋಟವನ್ನು ಅವಳು ಬಲ್ಲಳು. ಅಲ್ಲಿ ಗೇಟಿನ ಪಕ್ಕ ಒಂದು ಸರಪಳಿ ಇತ್ತು.

"ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದಳು ಮನೆಗೆ ಬಂದ ಮೇಲೆ.

"ಕೇಳೋದೇನೇ ಅದರಲ್ಲಿ? ಹೊಸ ನಾಯಿ ಬರುತ್ತಲ್ಲ. ನಿಂಗೆ ಹೊತ್ತು ಹೋಗುತ್ತೆ."

ಮರುದಿನ ಅವಳು ಅವನ ಚಹಾ ಲೋಟವನ್ನು ಒಂದು ಗೇಣು ಎಡಕ್ಕೆ ಇಟ್ಟಳು. ಅವನು ಮೇಜು ತಡಕಿದ, ಕೈ ಸುಟ್ಟುಕೊಂಡ, ಬೈದ. ಅವಳಿಗೆ ಹೊಟ್ಟೆ ತಣ್ಣಗಾಗಲಿಲ್ಲ. ಕಣ್ಣಿಲ್ಲದವನ ಲೋಟ ಸರಿಸಿ ಗೆಲ್ಲುವುದು ಗೆಲುವೇ ಅಲ್ಲ. ಅವನು ಮೈಕಿನಲ್ಲಿ ಆಡಿದ ಒಂದೊಂದು ಮಾತೂ ಅವನ ಕೊರಳಿಗೇ ಬರಬೇಕು. ಅದಕ್ಕಿಂತ ಕಡಿಮೆ ಏನೂ ಅವಳಿಗೆ ಬೇಡವಾಗಿತ್ತು.

ಅದೇ ವಾರ ಕೇಂದ್ರದ ತರಬೇತುದಾರಳು ಮನೆ ನೋಡಲು ಬಂದಳು. ಹೊಸ ನಾಯಿ ಕೊಡುವ ಮೊದಲು ಹಳೆಯದನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ಬರೆದುಕೊಳ್ಳಬೇಕಿತ್ತು. ಮೊದಲಿನವರೆಲ್ಲ ಕಾಗದ ತುಂಬಿಸಿಕೊಂಡು ಹೋಗುತ್ತಿದ್ದರು. ಇವಳು ಹೊಸಬಳು.

"ಸರ್, ಒಂದು ಸಲ ಊಟ ಹಾಕಿ ತೋರಿಸಿ."

ಅವನು ಠೀವಿಯಿಂದ ಮೂರು ಸೀಟಿ ಊದಿದ. ಮಸಿ ಎದ್ದಿತು, ಅವನ ಮೊಣಕಾಲು ಸವರಿಕೊಂಡೇ ಮುಂದೆ ಹೋಯಿತು, ಅಡುಗೆಮನೆಯಲ್ಲಿ ಬಟ್ಟಲು ಹಿಡಿದಿದ್ದವಳ ಕಾಲ ಬಳಿ ನಿಂತಿತು.

"ಪರೀಕ್ಷೆ ಅಂತ ಅದಕ್ಕೂ ಹೆದರಿಕೆ!" ಎಂದು ಅವನು ನಕ್ಕ.

"ಎಷ್ಟು ಲೋಟ ಹಾಕ್ತೀರ ಸರ್?"

"ಎರಡು. ಮೊದಲಿಂದ್ಲೂ ಎರಡೇ."

"ಒಣದಾ, ನೆನೆಸಿದ್ದಾ?"

"ಒಣದು ಕಣಮ್ಮ. ಗಟ್ಟಿ ಹಲ್ಲು ನಮ್ಮ ನಾಯೀದು."

ಮಸಿಯ ದವಡೆ ಹಲ್ಲು ಎರಡನ್ನು ಕೀಳಿಸಿ ವರ್ಷವಾಗಿತ್ತು. ತರಬೇತುದಾರಳ ಪೆನ್ನು ನಿಂತಿತು. ಅವಳು ನೆನೆಸಿದ ತಿಂಡಿಯ ಬಟ್ಟಲನ್ನು ನೋಡಿದಳು, ಬಟ್ಟಲು ಹಿಡಿದ ಕೈಯನ್ನು ನೋಡಿದಳು.

ಹೊರಟಾಗ, ಗೇಟಿನವರೆಗೆ ಕಳಿಸಲು ಬಂದವಳಿಗೆ ಒಂದು ಲಕೋಟೆ ಕೊಟ್ಟಳು. "ಇದು ಮನೆಯವರ ಹಾಳೆ, ಅಮ್ಮ. ನೀವೇ ತುಂಬಿ ಶುಕ್ರವಾರದೊಳಗೆ ಅಂಚೆಗೆ ಹಾಕಿ."

"ಪ್ರತಿ ವರ್ಷ 'ಎಲ್ಲ ಸರಿ' ಅಂತ ಬರೀತೀನಿ. ಅವರು ಹೇಳ್ತಾರೆ, ನಾನು ಬರೀತೀನಿ."

"ಅವರು ಹೇಳೋದಕ್ಕೆ ಬೇರೆ ಹಾಳೆ ಇದೆ. ಇದು ನಿಮ್ಮದು."

"ಇದ್ದದ್ದು ಇದ್ದ ಹಾಗೆ ಬರೆದ್ರೆ?"

"ಸರ್‌ಗೆ ಹೊಸ ನಾಯಿ ಸದ್ಯಕ್ಕೆ ಸಿಗಲ್ಲ. ಕೇಂದ್ರದಲ್ಲಿ ಇದ್ದು ಎಲ್ಲ ಮತ್ತೆ ಕಲೀಬೇಕು. ನಾಲ್ಕು ವಾರ, ಇಲ್ಲಾ ಎಂಟು. ಅದನ್ನೂ ಈ ಹಾಳೇಲಿ ಕೇಳಿದಾರೆ."

"ಮಸಿ?"

"ನೋಡಿಕೊಳ್ಳದವರಿಗೆ ಅದನ್ನ ಯಾರಿಗಾದ್ರೂ ಕೊಡೋ ಹಕ್ಕಿಲ್ಲ. ನೋಡಿಕೊಂಡವರು ಕೇಳಬಹುದು. ಆದರೆ ಇದೇ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಅವರು ಹೊರಟಾಗೆಲ್ಲ ಅದೂ ಕೆಲಸಕ್ಕೆ ಅಂತ ಎದ್ದು ನಿಲ್ಲುತ್ತೆ, ಪಾಪ. ಬೇರೆ ವಿಳಾಸ ಬೇಕು."

ಅವಳು ತಂಗಿಗೆ ಫೋನ್ ಮಾಡಿದಳು. ತಂಗಿ ಬಟ್ಟೆ ಹೊಲಿಯುವವಳು, ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು.

"ಅಕ್ಕ, ಕಣ್ಣಿಲ್ಲದ ಗಂಡನ್ನ ಬಿಟ್ಟು ನಾಯಿ ಹಿಂದೆ ಹೋದ್ಲು ಅಂತಾರೆ ಜನ. ಯೋಚನೆ ಮಾಡು."

"ಜನಕ್ಕೆ ಕಣ್ಣಿದೆಯಲ್ಲ, ಎಂಟು ವರ್ಷ ಏನು ನೋಡಿದ್ರಂತೆ?"

"ನನ್ನ ಕೇಳಿದ್ರೆ ಹಾಳೆ ಖಾಲಿ ಬಿಡು. ಊರ ಬಾಯಿಗೆ ಯಾಕೆ ಬೀಳ್ತೀಯ? ಕೋಣೆ ಬೇಕಾದ್ರೆ ಇದೆ. ಆದ್ರೆ ಹೊಸ ಬಟ್ಟೆ ಮೇಲೆ ಒಂದು ಕೂದಲು ಬಿತ್ತೋ, ಇಬ್ಬರನ್ನೂ ಮೆಟ್ಟಿಲಿಂದ ಉರುಳಿಸ್ತೀನಿ."

ಗುರುವಾರ ಮಧ್ಯಾಹ್ನ ಅವಳು ಊಟದ ಮೇಜು ಒರೆಸಿ ಹಾಳೆ ಹರಡಿದಳು. ಊಟ ಹಾಕುವವರು ಯಾರು? ನಾನು. ಬಾಚುವವರು? ನಾನು. ಮಲ ಎತ್ತುವವರು? ನಾನು. ಔಷಧಿ? ನಾನು. ಎಷ್ಟು ಕಾಲದಿಂದ? ಏಳು ವರ್ಷ ಹನ್ನೊಂದು ತಿಂಗಳಿಂದ. ಮೊದಲ ತಿಂಗಳನ್ನು ಅವನಿಗೆ ಬಿಟ್ಟುಕೊಟ್ಟಳು. ಸುಳ್ಳು ಬೆರೆಸಿ ಸೇಡನ್ನು ತೆಳುಮಾಡುವ ಮನಸ್ಸು ಅವಳಿಗಿರಲಿಲ್ಲ. ನಿವೃತ್ತ ನಾಯಿಯನ್ನು ಇಟ್ಟುಕೊಳ್ಳುವವರು ಎಂಬಲ್ಲಿ ತನ್ನ ಹೆಸರು, ವಿಳಾಸದಲ್ಲಿ ತಂಗಿಯ ಮಹಡಿ.

ರಜೆಯಲ್ಲಿದ್ದ ಗಂಡ ಒಳಗಿನಿಂದ ಕೂಗಿದ. "ಲೇ, ಆ ಕಾಗದ ಬರೆದ್ಯಾ?"

"ಬರೀತಿದೀನಿ. ಓದಿ ಹೇಳ್ಲಾ?"

"ಅಯ್ಯೋ ಬೇಡ. ಏನಿರುತ್ತೆ ಅದರಲ್ಲಿ!"

"ಎಲ್ಲ ಇದೆ ರೀ. ಕೇಳಿಸ್ಕೊಳ್ಳಿ ಬೇಕಾದ್ರೆ."

"ನಿದ್ದೆ ಬರ್ತಿದೆ ಮಾರಾಯ್ತಿ. ಅಂಚೆಗೆ ಹಾಕು ಹೋಗು."

ಇನ್ನೊಂದೇ ಸಾಲು ಉಳಿದಿತ್ತು. ಮರುತರಬೇತಿಗೆ ಎಷ್ಟು ಅವಧಿ ಬೇಕೆಂದು ನಿಮ್ಮ ಅಭಿಪ್ರಾಯ? ಎರಡು ಚೌಕ. ನಾಲ್ಕು ವಾರ ಸಾಕೇನೋ ಎಂದು ಒಂದು ಕ್ಷಣ ಅನ್ನಿಸಿತು. ವಯಸ್ಸಾದವನು, ಚಳಿಗಾಲ ಬೇರೆ. ಅವನು ಐದು ಗಂಟೆಗೆ ಕೇಂದ್ರದ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಗೆ ಚೀಲ ಹಾಕಿಕೊಂಡು, ಬೆಚ್ಚಗಿನದು ಎಲ್ಲಿದೆ ಎಂದು ಹುಲ್ಲಿನಲ್ಲಿ ತಡಕುವುದನ್ನು ಕಣ್ಣಿಗೆ ತಂದುಕೊಂಡಳು. ನಾಲ್ಕು ವಾರಕ್ಕೆ ಬೆನ್ನು ನೋವು ಬರುತ್ತದೆ. ಅದು ಬಂದು ಹೋಗಲು, ಹೋದ ಮೇಲೂ ಬಗ್ಗಲು ಇನ್ನೂ ನಾಲ್ಕು ಬೇಕು.

ಎಂಟರ ಚೌಕದಲ್ಲಿ ಗುರುತು ಹಾಕಿದಳು. ಪೆನ್ನು ಒತ್ತಿ ಇನ್ನೊಂದು ಸಲ ಅದರ ಮೇಲೆಯೇ ತಿದ್ದಿದಳು. ಲಕೋಟೆಯ ಅಂಟಿಗೆ ನಾಲಿಗೆ ಸವರಿ, ಚಪ್ಪಲಿ ಮೆಟ್ಟಿ, ಅಂಚೆ ಪೆಟ್ಟಿಗೆಯ ಕಡೆ ಹೊರಟಳು.