ಮೊದಲ ಒದರೋದು

ನಿಲಂಗಾ ಕಡೆ ಒಂದು ನಗರ ಪರಿಷತ್ತಿನ್ಯಾಗ ಕಂಪ್ಯೂಟರ್ ನೋಡಕೊಳ್ಳಾಂವ ನಾ. ಒಂದಿನ ನಮ್ಮ ಕಾರಕೂನ ಕಮಲಾಬಾಯಿ ಯಾವುದೋ ಖೊಟ್ಟಿ ಮೇಲ್ ತೆಗೆದ್ಲು. ವೈರಸ್ ಹೊಕ್ಕು ಆಕಿ ಫೈಲು ಒಂದೊಂದೇ ಲಾಕ್ ಆಗಲಿಕತ್ತವು.

"ನನ್ನ ಕೈಲೆ ಘಾತ ಆಗ್ಯದ! ಎಲ್ಲಾರೂ ವೈರ್ ಕೀಳ್ರೀ!" ಅಂತ ಆಫೀಸೆಲ್ಲ ಕೇಳೋಹಂಗ ಒದರಿದ್ಲು.

ನೆಟ್‌ವರ್ಕ್ ವೈರ್ ಕಿತ್ತಿವಿ, ವೈರಸ್ ಮುಂದ ದಾಟಲಿಲ್ಲ. ಕೆಟ್ಟಿದ್ದು ಆಕಿ ಕಂಪ್ಯೂಟರ್ ಒಂದೇ. ಊರಿನ ಜನನ-ಮರಣದ ದಾಖಲೆ ಎಲ್ಲಾ ಉಳೀತು.

ತಪಾಸಣಿಗೆ ಬಂದ ಸಾಹೇಬ್ರಿಗೆ ಸೋಜಿಗ. "ಬ್ಯಾರೆ ಕಡೆ ತಪ್ಪು ಮುಚ್ಚಿಡತಾರ. ನಿಮಗ ಅಂಜಿಕಿ ಬರಲಿಲ್ಲೇನ್ರೀ, ಅಕ್ಕಾರ?"

"ನಾ ಸಾಸ್ತೂರ ಊರಾಕಿ ರೀ, ಸಾಹೇಬ್ರ. ತೊಂಬತ್ಮೂರರ ಭೂಕಂಪದಾಗ ಊರು ನೆಲಸಮ ಆಗಿದ್ದು ಕಂಡೀನಿ. ನೆಲ ನಡುಗಿದ್ರ ಮೊದಲ ಓಣಿಗೆಲ್ಲ ಒದರೋದು, ವಿಚಾರ ಆಮ್ಯಾಲ."

ನನ್ನ ಎದಿ ಉಬ್ಬಿತು. ಒಂದು ಮಾತು ಮಾತ್ರ ಸಾಹೇಬ್ರಿಗೆ ಹೇಳಲಿಲ್ಲ: ವೈರ್ ಕಿತ್ತ ಮಂದಿ ಭೂಕಂಪದ ರೂಢಿ ಪ್ರಕಾರ ಅಂಗಳಕ್ಕೂ ಓಡಿದ್ರು. ಎಲ್ಲಾರಕಿಂತ ಮುಂದ ನಾನೇ.