ಮೊದಲು ಒರೆಸು, ಆಮೇಲೆ ನೋಡು

ಕಳೆದ ವಾರ ಆಲೂರು ಪೇಟೆಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡೆ. ಮನೆಗೆ ಬಂದು ಡಬ್ಬ ಬಿಚ್ಚಿದರೆ ಒಳಗೆ ಹೆಬ್ಬೆರಳಗಲದ ಒಂದು ಬಿಳಿ ಪೊಟ್ಟಣ. ಒಳಗೆ ಸಾಬಕ್ಕಿಯಂಥ ಹರಳುಗಳು. ತಿನ್ನಬೇಡಿ, ಬಿಸಾಡಿ ಎಂದು ಅದರ ಮೇಲೆ ಬರೆದಿರುತ್ತದಲ್ಲ, ಅದೇ. ನೀವಾದರೆ ಬಿಸಾಡುತ್ತೀರಿ. ನಾನು ಚಪ್ಪಲಿಯನ್ನು ಮೂಲೆಗೆ ತಳ್ಳಿ ಪೊಟ್ಟಣವನ್ನು ಜೋಪಾನವಾಗಿ ಎತ್ತಿಟ್ಟುಕೊಂಡೆ. ಎತ್ತಿಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಪೊಟ್ಟಣ ಎತ್ತಿಡುವುದು ನಮ್ಮ ಕಡೆ ಫೋಟೊ ತೆಗೆಯುವವರ ಚಾಳಿ. ಬಯಲುಸೀಮೆಯವರಿಗೆ ಅರ್ಥವಾಗುವುದು ಕಷ್ಟ. ಇಲ್ಲಿ ಜೂನ್ ಹಿಡಿದರೆ ಬಟ್ಟೆ, ಬೆಂಕಿಪೊಟ್ಟಣ, ದೇವರ ಪಟ ಎಲ್ಲಕ್ಕೂ ಬೂಷ್ಟು. ಕ್ಯಾಮೆರಾದ ಲೆನ್ಸನ್ನೂ ಬಿಡುವುದಿಲ್ಲ. ಗಾಜಿನ ಒಳಗೆ ಜೇಡ ಬಲೆ ಕಟ್ಟಿದ ಹಾಗೆ ಸಣ್ಣಗೆ ಶುರುವಾಗಿ, ಒಂದು ಮಳೆಗಾಲ ಕಳೆಯುವುದರೊಳಗೆ ಲೆನ್ಸನ್ನು ತಿಂದು ಮುಗಿಸುತ್ತದೆ. ಅದಕ್ಕೆ ತೇವ ಹೀರುವ ಈ ಹರಳಿನ ಪೊಟ್ಟಣಗಳು ನಮಗೆ ಮುತ್ತು ರತ್ನ. ಇವು ಸಿಗದ ಕಾಲದಲ್ಲಿ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹೂಳುತ್ತಿದ್ದೆ. ಅನ್ನಕ್ಕೆ ಬ್ಯಾಟರಿ ವಾಸನೆ ಬರುತ್ತದೆ ಎಂದು ಅಮ್ಮ ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದಳು.

ಇದನ್ನೆಲ್ಲ ನನಗೆ ಕಲಿಸಿದವರು ಲಾರೆನ್ಸ್ ಅಂಕಲ್. ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಅವರು ರೈಟರು. ಅಂದರೆ ಆಳುಗಳ ಹಾಜರಿ ಹಿಡಿಯುವುದು, ಕೊಯ್ಲು ನೋಡುವುದು, ಕಾಫಿ ಒಣಗಿಸುವ ಕಣ ಕಾಯುವುದು. ನನ್ನಪ್ಪ ಅದೇ ಎಸ್ಟೇಟಿನ ಜೀಪ್ ಡ್ರೈವರು. ಅಂಕಲ್ಲಿನ ತಾತ ಮಂಗಳೂರಿನಿಂದ ಘಾಟಿ ಹತ್ತಿ ಬಂದವರಂತೆ. ಮೊಮ್ಮಗ ನಮ್ಮೆಲ್ಲರ ಹಾಗೇ 'ಐತೆ, ಹೋಗ್ಬುಟ್ಟ' ಎನ್ನುವ ಹಾನುಬಾಳಿನವರೇ ಆಗಿಬಿಟ್ಟಿದ್ದರು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರೇ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೊರಟರೆ, ಹಿಂದೆಯೇ ನಾನು. ಆಗ ನಾನು ಹನ್ನೆರಡು ವರ್ಷದ ಹುಡುಗಿ.

ಅವರ ಮೊದಲ ಪಾಠವೇ ಒರೆಸುವುದು. ಬೆಳಗಿನ ಮಂಜಿನಲ್ಲಿ ಲೆನ್ಸಿನ ಮೇಲೆ ಉಸಿರು ಹಾಕಿದ ಹಾಗೆ ತೇವ ಕೂತಿರುತ್ತದೆ. ನೋಡದೆ ಒತ್ತಿದರೆ ಫೋಟೊ ಮಬ್ಬು. "ಮೊದ್ಲು ಒರೆಸು, ಆಮೇಲೆ ನೋಡು, ಆಮೇಲೆ ಒತ್ತು. ಬೈಬಲ್ ವಾಕ್ಯ ಅಂದ್ಕೊ ಮಗ" ಎನ್ನುತ್ತಿದ್ದರು. ಬೈಬಲಿನಲ್ಲಿ ಅಂಥದ್ದೇನೂ ಇಲ್ಲವೆಂದು ಅವರ ಹೆಂಡತಿ ಸೆಲಿನ್ ಆಂಟಿ ಒಳಗಿನಿಂದಲೇ ಹೇಳುತ್ತಿದ್ದರು. ನಾನು ಮಾತ್ರ ನಂಬಿದೆ. ಒತ್ತುವ ಮೊದಲು ಕೈ ತಾನಾಗಿ ಬಟ್ಟೆಯ ತುದಿ ಹುಡುಕುವಷ್ಟು ನಂಬಿದೆ.

ಇಂಥ ಹಸಿ ಊರಿನ ಮನುಷ್ಯನಿಗೆ ಆಸೆ ಇದ್ದದ್ದು ಮರಳುಗಾಡಿನ ಮೇಲೆ. ಯಾವನೋ ಹಳೇ ಮ್ಯಾನೇಜರು ಬಿಟ್ಟುಹೋದ ಪತ್ರಿಕೆಯೊಂದರಲ್ಲಿ ಮರಳು ದಿಬ್ಬದ ಒಂದು ಚಿತ್ರ ನೋಡಿದ್ದರಂತೆ. ಒಂದು ಕಡೆ ಬೆಳಕು, ಇನ್ನೊಂದು ಕಡೆ ಕಪ್ಪು, ನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ. ಅಷ್ಟೇ. "ನಮ್ಮೂರಲ್ಲಿ ಏನ್ ತೆಗೆದ್ರೂ ಎಲೆ, ಎಲೆ ಹಿಂದೆ ಇನ್ನೊಂದೆಲೆ. ನೋಡಾಕೆ ಜಾಗವೇ ಇಲ್ಲ ಕಣೇ. ಅಲ್ಲಿ ಏನೂ ಇಲ್ಲ ನೋಡು, ಏನೂ ಇಲ್ದಿರೋದನ್ನ ತೆಗೀಬೇಕು" ಎನ್ನುತ್ತಿದ್ದರು. ಏನೂ ಇಲ್ಲದ್ದನ್ನು ಯಾಕೆ ತೆಗೆಯಬೇಕು ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಈಗ ಸ್ವಲ್ಪ ತಿಳಿಯುತ್ತದೆ.

ಮರಳುಗಾಡು ದೂರ. ಕಾಫಿ ಕಣ ಹತ್ತಿರ. ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜದ ಬಣ್ಣ ನೀವು ನೋಡಿದ್ದೀರಲ್ಲ, ತೆಳು ಹಳದಿ, ಹೆಚ್ಚೂಕಡಿಮೆ ಮರಳಿನದೇ. ಗಾಳಿ ಆಡಲಿ ಎಂದು ಅದನ್ನು ಗೋರುಮಣೆಯಿಂದ ಎಳೆದು ಸಾಲು ಸಾಲು ಏರಿ ಮಾಡಿರುತ್ತಾರೆ. ಡಿಸೆಂಬರಿನ ಬೆಳಗ್ಗೆ ಬಿಸಿಲು ಅಡ್ಡಲಾಗಿ ಬಿದ್ದಾಗ ಅಂಕಲ್ ಆ ಕಣದ ಅಂಚಿನಲ್ಲಿ ಬೋರಲು ಮಲಗಿ, ಕ್ಯಾಮೆರಾವನ್ನು ನೆಲಕ್ಕೆ ಒತ್ತಿ ಹಿಡಿದು ನೋಡುತ್ತಿದ್ದರು. ಅಲ್ಲಿಂದ ನೋಡಿದರೆ ಏರಿಗಳೆಲ್ಲ ದಿಬ್ಬಗಳೇ. ಕಣ ಗೋರಲು ಬಂದ ಪುಟ್ಟಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು, "ರೈಟ್ರು ಬೀಜ ಎಣಿಸ್ತಾವ್ರೆ, ನಮ್ಮ ಮೇಲೆ ನಂಬ್ಕೆ ಇಲ್ಲ" ಎಂದು ಮಿಕ್ಕವರಿಗೆ ಹೇಳುತ್ತಿದ್ದಳು.

ಒಂದು ವರ್ಷ ಕ್ರಿಸ್ಮಸ್ಸಿಗೆ ಮನೆಯಲ್ಲಿ ಗೋದಲಿ ಕಟ್ಟಿದ್ದರು. ಹುಲ್ಲಿನ ಕೊಟ್ಟಿಗೆ, ಬಾಲಯೇಸು, ಕುರಿ, ಮೂವರು ರಾಜರು, ಅವರ ಒಂಟೆ. ಅಂಕಲ್ ಆ ಮಣ್ಣಿನ ಒಂಟೆಯನ್ನು ಜೇಬಿಗೆ ಹಾಕಿಕೊಂಡು ಹೋಗಿ ಕಾಫಿ ಏರಿಯ ಮೇಲೆ ನಿಲ್ಲಿಸಿ ಫೋಟೊ ತೆಗೆದರು. ಸಕಲೇಶಪುರದ ಸ್ಟುಡಿಯೋದವರು ಪ್ರಿಂಟ್ ಹಾಕಿ, ರೈಟರು ಯಾವಾಗ ರಾಜಸ್ಥಾನಕ್ಕೆ ಹೋಗಿದ್ದು ಎಂದು ಕೇಳಿದರಂತೆ. ಒಂಟೆಯ ಒಂದು ಕಾಲು ಮುರಿದು ಕಾಫಿಯಲ್ಲಿ ಸೇರಿಹೋಯಿತು. "ಈ ಸಲ ಮೂರು ರಾಜ್ರೂ ನಡ್ಕೊಂಡೇ ಬಂದವ್ರೆ" ಎಂದು ಸೆಲಿನ್ ಆಂಟಿ ಬಂದ ನೆಂಟರಿಗೆಲ್ಲ ದೂರು ಹೇಳಿದರು.

ಆ ಕಣವೇ ನನ್ನ ಶಾಲೆ. ಮುಂದೆ ಆಲೂರಿನಲ್ಲಿ ಸಣ್ಣ ಸ್ಟುಡಿಯೋ ಹಾಕಿ ಪಾಸ್‌ಪೋರ್ಟ್ ಫೋಟೊ, ನಾಮಕರಣ, ಮದುವೆ ಎಂದು ಹೊಟ್ಟೆ ಹೊರೆದುಕೊಂಡೆ. ವಧುವಿನ ಮೂಗುತಿಯ ಮೇಲೆ ಅಡ್ಡ ಬೆಳಕು ಬೀಳಿಸುವಾಗಲೂ ನನ್ನ ತಲೆಯಲ್ಲಿದ್ದದ್ದು ಕಾಫಿ ಏರಿ.

ಅಂಕಲ್ಲಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಣ್ಣಿಗೆ ಇಳಿಯಿತು. ಎಡಗಣ್ಣು ಪೂರ್ತಿ ಹೋದ ಮೇಲೆ ಬಲಗಣ್ಣನ್ನು ಉಳಿಸಿಕೊಳ್ಳಲು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಕಣ್ಣಿನೊಳಗೇ ಇಂಜೆಕ್ಷನ್ ಮಾಡಿಸಿಕೊಳ್ಳಬೇಕಾಯಿತು. ಘಾಟಿಯಲ್ಲಿ ವಾಂತಿ, ಆಮೇಲೆ ಸೂಜಿ, ಆಮೇಲೆ ಮತ್ತೆ ಘಾಟಿ. ಇನ್ನು ತಡ ಮಾಡುವುದು ಬೇಡವೆಂದು ರಾಜಸ್ಥಾನಕ್ಕೆ ಹೊರಡಲು ನಾವಿಬ್ಬರೂ ರೈಲಿನ ಟಿಕೆಟ್ ಮಾಡಿಸಿದ್ದೆವು. ಡಾಕ್ಟರು, ಧೂಳಿಗೆ ಹೋದರೆ ಇದ್ದ ಕಣ್ಣೂ ಹೋಗುತ್ತದೆ, ಮಂಜು ಮಂಜಾಗಿ ಕಾಣಲು ಶುರುವಾದರೆ ಆಮೇಲೆ ನಾವೇನೂ ಮಾಡುವ ಹಾಗಿಲ್ಲ ಎಂದುಬಿಟ್ಟರು. ಅಂಕಲ್ ಮೂರನೆಯ ದಿನ ನನ್ನನ್ನು ಕರೆಸಿ ತಮ್ಮ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು.

"ನೀನೇ ಹೋಗ್ಬಾ. ತಂದು ತೋರ್ಸು. ಅಲ್ಲೀಗಂಟ ಈ ಕಣ್ಣನ್ನ ಹಿಡ್ಕೊಂಡಿರ್ತೀನಿ" ಎಂದರು.

ಹೊರಡುವ ಮುಂಚೆ ಪಾಠವೋ ಪಾಠ. ತೆಗೆಯಬೇಕಾದ ಜಾಗದಲ್ಲಿ ಕಾಲಿಡಬೇಡ, ಒಂದು ಸಲ ಹೆಜ್ಜೆ ಬಿದ್ದರೆ ಆ ದಿಬ್ಬ ಅವತ್ತಿಗೆ ಸತ್ತಂತೆ. ಸೂರ್ಯ ಒಂದು ಮಾರು ಮೇಲೇರಿದರೆ ಕ್ಯಾಮೆರಾ ಮುಚ್ಚು. ಬೆಳಕು ಅಳೆಯುವ ಮೀಟರಿನ ಮಾತು ನಂಬಬೇಡ, ಅದನ್ನು ನಂಬಿದರೆ ಮರಳು ಬೂದಿಯಾಗಿ ಬರುತ್ತದೆ, ಸ್ವಲ್ಪ ಜಾಸ್ತಿ ಬೆಳಕು ಕೊಡು. ಮರಳುಗಾಡನ್ನೇ ನೋಡದ ಮನುಷ್ಯ ಇಷ್ಟೆಲ್ಲ ಹೇಳಿದರು, ಒಂದೂ ತಪ್ಪಿರಲಿಲ್ಲ. ಹೇಳದೆ ಬಿಟ್ಟದ್ದು ಒಂದೇ. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಜೈಸಲ್ಮೇರಿನ ಆಚೆ ಮೂರು ಬೆಳಗು ಸಿಕ್ಕಿದವು. ಚಳಿ, ಮೇಲೆ ಸಣ್ಣ ಗಾಳಿ. ದಿಬ್ಬದ ನೆತ್ತಿಯಿಂದ ಮರಳು ಹೊಗೆಯ ಹಾಗೆ ಎದ್ದು ಹೋಗುತ್ತಿತ್ತು. ನನಗೆ ಅಳು ಬಂತು ಎಂದರೆ ನೀವು ನಗಬಾರದು. ಬೋರಲು ಮಲಗಿದೆ, ವೇಲಿನ ತುದಿಯಿಂದ ಲೆನ್ಸ್ ಒರೆಸಿದೆ, ನೋಡಿದೆ, ಒತ್ತಿದೆ. ಮತ್ತೆ ಒರೆಸಿದೆ. ಮೂರು ದಿನವೂ, ಪ್ರತಿ ಫೋಟೊಗೂ ಮುಂಚೆ, ಶ್ರದ್ಧೆಯಿಂದ ಒರೆಸಿದೆ. ಮಂಜಿನ ಊರಿನ ಕೈ ಅದು, ಅದಕ್ಕೆ ಬೇರೆ ಗೊತ್ತಿಲ್ಲ. ವೇಲಿನ ತುಂಬ ಮರಳಿತ್ತು.

ಆಲೂರಿಗೆ ಬಂದು ರೀಲು ತೊಳೆದು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದ ಹಾಗೆ ಲೆನ್ಸಿನ ತುಂಬ ಗೀರು. ಅಡ್ಡ ಬೆಳಕು ಆ ಗೀರುಗಳಲ್ಲಿ ಚೆದುರಿ ಪ್ರತಿ ಫೋಟೊದ ಮೇಲೂ ಹಾಲಿನ ಕೆನೆಯಂತೆ ಒಂದು ಮುಸುಕು. ಬೆಳಕಿಗೂ ಕಪ್ಪಿಗೂ ನಡುವಿನ ಆ ಗೆರೆ ಒಂದರಲ್ಲೂ ಇರಲಿಲ್ಲ. ಅಂಕಲ್ ದಿನಾ ಫೋನು ಮಾಡಿ ಬಂತಾ, ಬಂತಾ ಎನ್ನುತ್ತಿದ್ದರು. ಆಗ ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹೇಗೂ ಅರ್ಧ ಕಣ್ಣಿನ ಮನುಷ್ಯ, ಅವರಿಗೆಲ್ಲಿ ಗೊತ್ತಾಗುತ್ತದೆ ಎಂದುಕೊಂಡೆ. ಪ್ರಿಂಟ್ ಹಾಕಿಸಿ ಹಾನುಬಾಳಿನ ಬಸ್ ಹತ್ತಿದೆ.

ಅಂಕಲ್ ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂತಿದ್ದರು. ಮೊದಲ ಫೋಟೊವನ್ನು ಮೂಗಿನ ಹತ್ತಿರ ಹಿಡಿದು ಭೂತಗನ್ನಡಿ ಇಟ್ಟರು. ಬೆಳಕಿಗೆ ವಾಲಿಸಿದರು. ಇನ್ನೊಂದು ತೆಗೆದುಕೊಂಡರು, ಮತ್ತೊಂದು. ಕಣ್ಣು ಉಜ್ಜಿಕೊಂಡು ಮೊದಲನೆಯದನ್ನೇ ಮತ್ತೆ ಹಿಡಿದರು. ಆಮೇಲೆ ಎಲ್ಲವನ್ನೂ ಒಟ್ಟು ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು.

"ಮಂಜು ಬಂದ್ಬುಡ್ತು ಕಣೇ" ಎಂದರು. "ಡಾಕ್ಟ್ರು ಹೇಳಿದ್ರಲ್ಲ, ಅದೇ. ಈ ಕಣ್ಣೂ ಹೋಗ್ಬುಡ್ತು."

ಮಂಜು ಫೋಟೊದಲ್ಲಿತ್ತು. ಹೇಳಬೇಕಾದ್ದು ಅಷ್ಟೇ, ಒಂದು ವಾಕ್ಯ. ಸೆಲಿನ್ ಆಂಟಿ ಓಡಿಬಂದು ಅವರ ಭುಜ ಹಿಡಿದುಕೊಂಡರು. ಅಂಕಲ್ ನನ್ನ ಕಡೆ ತಿರುಗಿ, "ಚೆನ್ನಾಗಿ ಬಂದೈತಾ ಮಗ, ಗೆರೆ?" ಎಂದು ಕೇಳಿದರು. ಚೆನ್ನಾಗಿ ಬಂದಿದೆ ಎಂದೆ.

ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಆ ಭಾನುವಾರ ಯಾವುದೋ ಮದುವೆ ಆಲ್ಬಮ್ಮಿನ ನೆಪ ಮಾಡಿಕೊಂಡೆ. ಅದರ ಮುಂದಿನದಕ್ಕೂ ನೆಪ ಸಿಕ್ಕಿತು, ನೆಪಕ್ಕೇನು ಬರವೇ. ಅಷ್ಟರಲ್ಲಿ ಅಂಕಲ್ ಮಂಗಳೂರಿಗೆ ಹೋಗುವುದನ್ನು ನಿಲ್ಲಿಸಿದ್ದರು. ಆಂಟಿ ಕೈ ಮುಗಿದು ಕೇಳಿದರೂ, ಹೋಗಿರೋ ಕಣ್ಣಿಗೆ ಸೂಜಿ ಯಾಕೆ ಎಂದರಂತೆ. ಹೆಂಡತಿಯ ಮುಖ ತಮಗೆ ಇನ್ನೂ ಕಾಣುತ್ತಿದ್ದದ್ದನ್ನು, ಗಡಿಯಾರ ಕಾಣುತ್ತಿದ್ದದ್ದನ್ನು ಅವರು ಗಮನಿಸಲೇ ಇಲ್ಲವೋ, ಸೂಜಿಯಿಂದ ತಪ್ಪಿಸಿಕೊಳ್ಳಲು ಗಮನಿಸದ ಹಾಗಿದ್ದರೋ ಗೊತ್ತಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ನಿಜವಾಗಿಯೇ ಕಣ್ಣಿನಲ್ಲಿ ರಕ್ತ ಇಳಿಯಿತು. ಎರಡು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಆಂಟಿ ನನ್ನ ಕೈ ಹಿಡಿದುಕೊಂಡು ಹೇಳಿದರು. ನನ್ನ ಕೈಯನ್ನೇ ಹಿಡಿದುಕೊಂಡು.

ಆರು ವರ್ಷವಾಯಿತು. ಅದರ ಮೇಲೆ ನಾನು ಎಷ್ಟೋ ಸಲ ಆ ಮನೆಗೆ ಹೋಗಿದ್ದೇನೆ, ಊಟ ಮಾಡಿದ್ದೇನೆ, ಅವರ ಕಣ್ಣಿಗಾಗಿ ಕಣ್ಣೀರನ್ನೂ ಹಾಕಿದ್ದೇನೆ. ಮನುಷ್ಯ ಎಂಥ ಬಾಳು ಬೇಕಾದರೂ ಬಾಳುತ್ತಾನೆ. ಆದರೆ ಕಳೆದ ವಾರ ಆ ಹರಳಿನ ಪೊಟ್ಟಣ ಎತ್ತಿಟ್ಟುಕೊಂಡೆನಲ್ಲ, ಗಾಜನ್ನು ಇಷ್ಟು ಜೋಪಾನ ಮಾಡುವವಳು ನೀನು ಎಂದು ನನಗೇ ಅಸಹ್ಯವಾಯಿತು. ಭಾನುವಾರ ಹಾನುಬಾಳಿಗೆ ಹೋದೆ.

ಅಂಕಲ್ ಜಗುಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಆಂಟಿ ಒಳಗೆ ಕಾಫಿಗೆ ಹಾಲು ಇಟ್ಟಿದ್ದರು. ನಾನು ಕೂರಲಿಲ್ಲ. ಕೂತರೆ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

"ಅಂಕಲ್, ಅವತ್ತು ಮಂಜು ಅಂದ್ರಲ್ಲ, ಅದು ನಿಮ್ಮ ಕಣ್ಣಲ್ಲಿರ್ಲಿಲ್ಲ. ಫೋಟೊದಲ್ಲೇ ಇತ್ತು. ಲೆನ್ಸ್ ಒರೆಸಿ ಒರೆಸಿ ಗೀರು ಮಾಡ್ಬುಟ್ಟಿದ್ದೆ. ಗೊತ್ತಿದ್ದೂ ತಂದು ತೋರ್ಸಿದೆ" ಎಂದೆ.

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಏನ್ರಲ್ಲಿ ಒರೆಸ್ದೆ?"

"ವೇಲಲ್ಲಿ."

"ಮರಳಿತ್ತಾ ಅದ್ರಲ್ಲಿ?"

"ಇತ್ತು."

"ಒರೆಸು ಅಂತ ಹೇಳ್ಕೊಟ್ಟೋನು ನಾನೇಯ" ಎಂದರು. ಅವರ ಬೆರಳುಗಳು ಪಂಚೆಯ ಅಂಚನ್ನು ಮಡಿಸುವುದು ಬಿಚ್ಚುವುದು ಮಾಡುತ್ತಿದ್ದವು. ಇಷ್ಟಕ್ಕೇ ನನಗೆ ಮಾಫಿ ಸಿಕ್ಕಿತೇನೋ ಎಂದು ಒಂದು ಗಳಿಗೆ ಆಸೆಯಾಯಿತು. ಎಂಥ ನಾಚಿಕೆಗೇಡಿನ ಆಸೆ ಅದು. ಆಮೇಲೆ ಅವರ ಬೆರಳು ನಿಂತಿತು. ಲೆಕ್ಕ ತಡವಾಗಿ ಹೊಳೆದವರ ಹಾಗೆ ನಿಧಾನವಾಗಿ ಹೇಳಿದರು:

"ಹಂಗಾರೆ ಅವತ್ತು ನಂಗೆ ಕಣ್ಣು ಕಾಣ್ತಿತ್ತು."

ನಾನು ಹೂಂ ಎಂದೆ.

ಅವರು ಒಳಮನೆಯ ಕಡೆ ಮುಖ ತಿರುಗಿಸಿ, "ಸೆಲಿನಾ, ಕೇಳುಸ್ತಾ? ಅವತ್ತು ನಂಗೆ ಕಾಣ್ತಿತ್ತಂತೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹೆಂಡತಿಗೆ ಒಂದು ಸುದ್ದಿ ಹೇಳುವ ಹಾಗೆಯೇ ಹೇಳಿದರು.

ಒಳಗೆ ಹಾಲು ಉಕ್ಕಿ ಒಲೆಗೆ ಸುರಿದ ಸದ್ದಾಯಿತು, ಸೀದ ವಾಸನೆ ಜಗುಲಿಗೂ ಬಂತು. ಅದನ್ನು ಯಾರೂ ಇಳಿಸಲಿಲ್ಲ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಇಲ್ಲ. ಕೂರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹನ್ನೊಂದೂವರೆಯ ಬಸ್ಸಿನ ಹಾರನ್ ಕೇಳಿಸುವವರೆಗೂ ನಾನು ಅಲ್ಲೇ ನಿಂತಿದ್ದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಇಳಿದೆ. ಆ ಮನೆಯಿಂದ ಕಾಫಿ ಕುಡಿಯದೆ ನಾನು ಹೊರಟದ್ದು ಅದೇ ಮೊದಲು.