ಫುಲ್ ಚಾರ್ಜಿಗೆ ಎಷ್ಟು ದೂರ

ನನ್ನ ಎಲೆಕ್ಟ್ರಿಕ್ ಕಾರಿಗೆ ಒಂಬತ್ತು ವರ್ಷ ತುಂಬಿದಾಗ, ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಳ್ಳೋಣವೇ ಎಂದು ವಿಚಾರಿಸಲು ಬನ್ನೇರುಘಟ್ಟ ರಸ್ತೆಯ ಒಂದು ಶೋರೂಮಿಗೆ ಹೋಗಿದ್ದೆ. ಹಳೆಯ ಗಾಡಿಗಳನ್ನು ಪರೀಕ್ಷೆ ಮಾಡುವಾತ ಬಾಗಿಲು, ಟೈರು, ಸೀಟು ಎಲ್ಲ ನೋಡಿ ಕೊನೆಗೆ ಕೇಳಿದ.

"ಫುಲ್ ಚಾರ್ಜಿಗೆ ಈಗ ಎಷ್ಟು ಓಡುತ್ತೆ ಮೇಡಂ?"

ನನಗೆ ಗೊತ್ತಿರಲಿಲ್ಲ.

"ಮೀಟರ್ ನಂಬಬೇಡಿ. ಒಂದಿನ ಫುಲ್ ಮಾಡ್ಕೊಂಡು, ಖಾಲಿ ಆಗೋವರೆಗೂ ಓಡ್ಸಿ ನೋಡ್ಬಿಟ್ಟು ಬನ್ನಿ. ಬ್ಯಾಟರಿ ಹೇಗಿದೆಯೋ ಹಾಗೆ ಗಾಡಿ."

ಎಂಟು ತಿಂಗಳಿಂದ ಆ ಕಾರು ವಸಂತಪುರದ ಬಾಡಿಗೆ ಮನೆಯಿಂದ ಜಯನಗರದ ನನ್ನ ಆಫೀಸಿಗೆ ಹೋಗಿ ಬರುವುದು ಬಿಟ್ಟರೆ ಬೇರೆಲ್ಲೂ ಹೋಗಿರಲಿಲ್ಲ.

ಅದನ್ನು ಕೊಂಡಿದ್ದು ನನ್ನ ವಿಚ್ಛೇದನವಾದ ವರ್ಷ. ಯಾರನ್ನೂ ಕೇಳದೆ ನಾನು ತೆಗೆದುಕೊಂಡ ಮೊದಲ ದೊಡ್ಡ ವಸ್ತು ಅದು. ಬುಕ್ ಮಾಡಿದ ಮೇಲೆ, ಆಗ ನಾನಿದ್ದ ಜೆ.ಪಿ. ನಗರದ ಅಪಾರ್ಟ್‌ಮೆಂಟಿನವರು ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಒಪ್ಪಲಿಲ್ಲ. ಕಾರಿಗಾಗಿಯೇ ಮನೆ ಹುಡುಕಿಕೊಂಡು ವಸಂತಪುರಕ್ಕೆ ಬಂದೆ. ಆ ಮೂರಂತಸ್ತಿನ ಕಟ್ಟಡದ ಒಡತಿ ಎಪ್ಪತ್ತರ ಹತ್ತಿರದ ಹೆಂಗಸು. ಮನೆ ನಿಂತಿದ್ದ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದಿದ್ದವರು. ಗೋಡೆಗೆ ಪ್ಲಗ್ ಹಾಕಿಸಬೇಕು ಎಂದು ನಾನು ಅಂಜುತ್ತಾ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು.

"ಏನ್ ತಿಂತದೆ ಅಂದೆ?"

"ಕರೆಂಟ್ ಅಷ್ಟೇ ಅಮ್ಮ. ಬೇರೆ ಮೀಟರ್ ಹಾಕಿಸ್ತೀನಿ."

"ಕರೆಂಟ್ ತಿಂದು ಸಗಣಿ ಹಾಕಾಕಿಲ್ಲ ಅಂದ್ರೆ ನಮಗೇನವ್ವ ತೊಂದ್ರೆ? ಕಟ್ಕೋ ಹೋಗು."

ಐದು ವರ್ಷ ನಮ್ಮಿಬ್ಬರ ನಡುವೆ ಮೆಟ್ಟಿಲ ಮೇಲಿನ ಮಾತು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆಮೇಲೆ ಅವರ ಕಿಡ್ನಿ ಕೆಟ್ಟಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಜಯನಗರದಲ್ಲಿ ಡಯಾಲಿಸಿಸ್. ಮಗನಿಗೆ ಬೆಳಿಗ್ಗೆಯೇ ಹಾರ್ಡ್‌ವೇರ್ ಅಂಗಡಿಯ ಬಾಗಿಲು ತೆಗೆಯಬೇಕಿತ್ತು, ಆಟೋ ಗೊತ್ತು ಮಾಡಿದ್ದ. ಒಂದು ದಿನ ಆಟೋದವನು ಬರಲಿಲ್ಲ. ಅಮ್ಮ ಗೇಟಿನ ಹತ್ತಿರ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದರು. ನಾನೂ ಅದೇ ದಾರಿಯಲ್ಲಿ ಹೊರಟಿದ್ದೆ. ಆವತ್ತು ಹತ್ತಿಸಿಕೊಂಡಿದ್ದು ಮೂರು ವರ್ಷ ನಡೆಯಿತು.

ಬೆಳಿಗ್ಗೆ ಬಿಟ್ಟು ಆಫೀಸಿಗೆ ಹೋಗಿ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರನ್ನು ಮನೆಗೆ ಮುಟ್ಟಿಸಿ, ತಡವಾದದ್ದನ್ನು ಸಂಜೆ ಕೂತು ತುಂಬಿಕೊಡುತ್ತಿದ್ದೆ. ಹೋಗುವಾಗ ಅವರು ಬಾಯಿ ಮುಚ್ಚುತ್ತಿರಲಿಲ್ಲ. ಯಾವ ಅಪಾರ್ಟ್‌ಮೆಂಟಿನ ಕೆಳಗೆ ಯಾರ ಬಾವಿ ಇತ್ತು, ಯಾರು ಯಾರ ಬದುವನ್ನು ಒತ್ತಿಕೊಂಡರು, ಎಲ್ಲ ಬರುತ್ತಿತ್ತು. ಬರುವಾಗ ಸುಸ್ತಾಗಿ ನಿದ್ದೆ. ಡಯಾಲಿಸಿಸ್ ಆದ ಮೇಲೆ ಅವರಿಗೆ ಚಳಿಯಾಗುತ್ತಿತ್ತು, ಹಾಗಾಗಿ ಏಪ್ರಿಲ್ ಬಿಸಿಲಿನಲ್ಲೂ ಎ.ಸಿ. ಹಾಕದೆ, ಗಾಜು ಏರಿಸಿಕೊಂಡು ಬೆವರುತ್ತಾ ಓಡಿಸುತ್ತಿದ್ದೆ. ಇಂಜಿನ್ನಿನ ಸದ್ದಿಲ್ಲದ ಗಾಡಿಯಲ್ಲಿ ಅವರ ಉಸಿರು ನನಗೆ ಕೇಳುತ್ತಿತ್ತು. ಒಬ್ಬರೇ ಇರುವವರಿಗೆ ಪಕ್ಕದಲ್ಲಿ ಇನ್ನೊಬ್ಬರು ನಿದ್ದೆ ಮಾಡುವ ಸದ್ದು ಎಷ್ಟು ಬೇಕಾಗಿರುತ್ತದೆ ಎಂದು ಆಗ ತಿಳಿಯಿತು.

ಅವರು ತೀರಿಕೊಂಡಿದ್ದು ಆಸ್ಪತ್ರೆಯಲ್ಲಿ, ಒಂದು ಭಾನುವಾರ. ಮನೆ ತುಂಬ ನೆಂಟರು. ನಾನು ಗೇಟಿನ ಹತ್ತಿರ ಪಾದರಕ್ಷೆಗಳ ಪಕ್ಕ ನಿಂತಿದ್ದೆ. ಯಾರೋ ನನಗೆ ಕಾಫಿ ಕೊಟ್ಟು, "ಮೇಲಿನ ಬಾಡಿಗೆಯವರಾ?" ಎಂದು ಕೇಳಿದರು. ಹೌದೆಂದೆ. ಮಾರನೆಯ ದಿನ ಆಫೀಸಿಗೆ ಹೋದೆ. ಮನೆ ಒಡತಿ ಸತ್ತರೆಂದು ರಜೆ ಕೇಳುವುದು ಹೇಗೆ? ಮಂಗಳವಾರ ಬೆಳಿಗ್ಗೆ ಅಭ್ಯಾಸದಂತೆ ಪಕ್ಕದ ಸೀಟನ್ನು ಹಿಂದಕ್ಕೆ ಒರಗಿಸಿ, ಆಮೇಲೆ ಮತ್ತೆ ನೆಟ್ಟಗೆ ಮಾಡಿದೆ.

ಶೋರೂಮಿನವನು ಹೇಳಿದಂತೆ ಒಂದು ಭಾನುವಾರ ಫುಲ್ ಚಾರ್ಜ್ ಮಾಡಿಕೊಂಡು ಹೊರಟೆ. ಬನಶಂಕರಿಗೆ ಬರುವ ಹೊತ್ತಿಗೆ, ನನಗೆ ಹೋಗಲು ಯಾವ ಜಾಗವೂ ಇಲ್ಲ ಎಂಬುದು ಅರ್ಥವಾಯಿತು. ಕಾರು ನಿಲ್ಲಿಸಿ ಜೆ.ಪಿ. ನಗರದ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ.

"ಅಯ್ಯೋ, ಇವತ್ತು ಮನೇಲಿ ಗೆಸ್ಟ್ ಇದಾರೆ ಕಣೇ. ಮುಂದಿನ ವಾರ ಬಾ, ಆಯ್ತಾ?" ಎಂದಳು.

ಸುಮ್ಮನೆ ಸುತ್ತಿದೆ. ಜಯನಗರದಲ್ಲಿ ಎರಡು ಸಲ, ಬಿ.ಟಿ.ಎಂ. ಕಡೆ ಒಂದು ಸಲ. ಸುದ್ದಗುಂಟೆಪಾಳ್ಯದ ಸಣ್ಣ ಬೀದಿಯಲ್ಲಿ ಸಿಕ್ಕಿಹಾಕಿಕೊಂಡು, ಹಿಂದಕ್ಕೆ ತೆಗೆದುಕೊಂಡು ಹೊರಬಂದೆ. ಮೂರನೆಯ ಸಲ ಜಯನಗರಕ್ಕೆ ಬಂದಾಗ ನನಗರಿವಿಲ್ಲದೆ ಡಯಾಲಿಸಿಸ್ ಸೆಂಟರಿನ ಮುಂದೆ ಕಾರು ನಿಲ್ಲಿಸಿದ್ದೆ. ಸೆಕ್ಯುರಿಟಿ ಗಾರ್ಡ್ ಗಾಡಿ ಗುರುತಿಸಿ ವೀಲ್‌ಚೇರ್ ತಳ್ಳಿಕೊಂಡು ಬಂದರು. ಪಕ್ಕದ ಸೀಟು ಖಾಲಿ ಇರುವುದನ್ನು ನೋಡಿ ನಿಂತರು.

"ಅಮ್ಮ ಬಂದಿಲ್ವಾ ಮೇಡಂ? ತುಂಬ ದಿನ ಆಯ್ತು."

"ಹೋಗ್ಬಿಟ್ರು ಅಣ್ಣ. ಎಂಟು ತಿಂಗಳಾಯ್ತು."

ಅವರು ಟೋಪಿ ತೆಗೆದರು. "ನಂಗೆ ಗೊತ್ತೇ ಆಗ್ಲಿಲ್ಲ. ಬೇರೆ ಕಡೆ ಸೇರಿಸಿದ್ರೇನೋ ಅಂದ್ಕೊಂಡಿದ್ದೆ. ತಾಯಿ ಇಲ್ದಿದ್ರೆ ಕಷ್ಟ ಮೇಡಂ. ಊಟ ಗೀಟ ಸರಿಯಾಗಿ ಮಾಡಿ."

ಅವರು ನನ್ನ ತಾಯಿಯಲ್ಲ ಎಂದು ಹೇಳಬೇಕಿತ್ತು. "ಆಯ್ತಣ್ಣ" ಎಂದೆ. ಎಂಟು ತಿಂಗಳಲ್ಲಿ ನನ್ನ ದುಃಖ ವಿಚಾರಿಸಿದವರು ಅವರೊಬ್ಬರೇ. ಮುಂದಿನ ತಿರುವು ದಾಟಿದ ಮೇಲೆ ಕಾರು ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಅತ್ತೆ.

ಹುಳಿಮಾವಿನ ಹತ್ತಿರ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ಒಂದು ಚಾರ್ಜಿಂಗ್ ಸ್ಟೇಷನ್ ತನಕ ಮೆಲ್ಲಗೆ ಎಳೆದುಕೊಂಡು ಹೋದೆ. ಎಪ್ಪತ್ತೊಂದು ಕಿಲೋಮೀಟರ್ ಓಡಿತ್ತು. ಹೊಸದರಲ್ಲಿ ಅದರ ಒಂದೂವರೆ ಪಟ್ಟು ಓಡುತ್ತಿತ್ತು. ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಕೂತೆ. ಲೆಕ್ಕಕ್ಕೆ ನೋಡಿದರೆ ಕಾರು ಬದಲಾಯಿಸುವ ಅಗತ್ಯವೇ ಇರಲಿಲ್ಲ. ಆಫೀಸಿಗೆ ಹೋಗಿಬರಲು ಇಪ್ಪತ್ತು ಕಿಲೋಮೀಟರೂ ಬೇಡ. ಇನ್ನೂ ನಾಲ್ಕೈದು ವರ್ಷ ಆರಾಮಾಗಿ ಸಾಕಾಗುತ್ತಿತ್ತು. ನನ್ನ ಬದುಕಿಗೆ ಅಷ್ಟೇ ದೂರ ಸಾಕಾಗಿಬಿಡುತ್ತದಲ್ಲ ಎಂಬುದೇ ನನಗೆ ಹೆದರಿಕೆ ಹುಟ್ಟಿಸಿತು. ಆ ವಾರವೇ ಶೋರೂಮಿಗೆ ಹೋಗಿ ಕಾಗದಗಳಿಗೆ ಸಹಿ ಹಾಕಿದೆ.

ಹೊಸ ಕಾರು ಬಂದ ದಿನ ಮನೆಯ ಮುಂದೆ ನಿಲ್ಲಿಸಿದಾಗ ಒಡತಿಯ ಮಗ ಅಂಗಡಿಗೆ ಹೊರಟಿದ್ದ. "ಸಖತ್ತಾಗಿದೆ ಮೇಡಂ," ಎಂದು ಹೇಳಿ ಸ್ಕೂಟರ್ ಹತ್ತಿದ. ಮುಂದಿನ ಭಾನುವಾರ ಬೆಳಗಾಗುತ್ತಲೇ ಒಬ್ಬಳೇ ಮೈಸೂರು ರಸ್ತೆ ಹಿಡಿದೆ. ಮದ್ದೂರಿನಲ್ಲಿ ನಿಲ್ಲಿಸಿ ವಡೆ ತಿಂದೆ, ಪೊಟ್ಟಣದಲ್ಲಿ ಎರಡು ಕಟ್ಟಿಸಿಕೊಂಡೆ. ಯಾರಿಗೆಂದು ಅಂಗಡಿಯವನು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾರಿಗೆ ಬಂದು ನೋಡಿದರೆ ಚಾರ್ಜು ಇನ್ನೂ ಮುಕ್ಕಾಲು ಭಾಗ ಇತ್ತು. ಆದರೂ ಅಲ್ಲಿಂದಲೇ ಹಿಂದಿರುಗಿ ಹನ್ನೆರಡರ ಹೊತ್ತಿಗೆ ಮನೆ ಸೇರಿ, ರಾತ್ರಿ ಊಟಕ್ಕೆ ಆ ವಡೆಗಳನ್ನೇ ಬಿಸಿ ಮಾಡಿಕೊಂಡು ತಿಂದೆ.